ಫೈಲನ್ನು ಯಾರು ಹಿಡಿದುಕೊಂಡಿದ್ದಾರೆ?

ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಝೆರಾಕ್ಸ್ ಮೆಷಿನ್ನು. ಕೆಲಸಕ್ಕೆ ನಾನು, ಮತ್ತೆ ಡಿಗ್ರಿ ಮುಗಿಸಿ ಬಂದ ಒಬ್ಬಳು ಹುಡುಗಿ. ಮಕರ ಸಂಕ್ರಾಂತಿ ಕಳೆದ ಮೇಲೆ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಗೆ ಜಾತ್ರೆ, ನೇಮಗಳೆಲ್ಲ ಮುಗಿಯುವ ದಿನದವರೆಗೆ, ನಮಗೆ ಪುರುಸೊತ್ತಿಲ್ಲ. ಮದುವೆ, ಮನೆ ಒಕ್ಕಲು, ಬ್ರಹ್ಮಕಲಶ, ನೇಮ, ಬಯಲಾಟ, ಎಲ್ಲದಕ್ಕೂ ಕಾಗದ ಬೇಕು. ಒಂದೇ ಮನೆಯವರು ಬಂದು ಕನ್ನಡದಲ್ಲಿ ಇನ್ನೂರು, ಮಲಯಾಳದಲ್ಲಿ ಐವತ್ತು ಎಂದು ಹೇಳಿ ಹೋಗುತ್ತಾರೆ. ಸಂಜೆಯ ಹೊತ್ತಿಗೆ ಆ ದಿನದ ಫೈಲುಗಳೆಲ್ಲ ಪೆನ್‌ಡ್ರೈವಿಗೆ ಹೋಗಬೇಕು. ಪೆನ್‌ಡ್ರೈವನ್ನು ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಟ್ಟರೆ ಅದು ಸಾರಡ್ಕದ ಗಡಿ ದಾಟಿ ಕರ್ನಾಟಕದ ವಿಟ್ಲದ ಪ್ರೆಸ್ಸಿಗೆ ತಲುಪುತ್ತದೆ.

ಈ ಸಂಜೆಯ ಕೆಲಸಕ್ಕಾಗಿ ನಾನೇ ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಸಾಲಾಗಿ ಕೊಡುವ ಆಜ್ಞೆಗಳ ಪಟ್ಟಿ, ಬರೆದುಕೊಂಡಿದ್ದೆ. ಮುಗಿದ ಫೈಲುಗಳನ್ನು 'ಇವತ್ತು' ಎಂಬ ಫೋಲ್ಡರಿನಿಂದ 'ಪ್ರೆಸ್ಸಿಗೆ' ಎಂಬ ಫೋಲ್ಡರಿಗೆ ಸಾಗಿಸುವುದು, ಅಲ್ಲಿಂದ ಪೆನ್‌ಡ್ರೈವಿಗೆ ಕಾಪಿ ಮಾಡುವುದು. ಅಷ್ಟೇ. ಆದರೆ ವಾರಕ್ಕೆ ಎರಡು ಮೂರು ಸಲ ಅದು ಅರ್ಧದಲ್ಲಿ ನಿಲ್ಲುತ್ತಿತ್ತು. ಈ ಫೈಲನ್ನು ಬೇರೊಂದು ಪ್ರೋಗ್ರಾಮ್ ಬಳಸುತ್ತಿದೆ, ಹಾಗಾಗಿ ಸಾಗಿಸಲು ಆಗುವುದಿಲ್ಲ ಎಂದು ಕೆಂಪು ಅಕ್ಷರದಲ್ಲಿ ಬರುತ್ತಿತ್ತು. ಯಾವ ಪ್ರೋಗ್ರಾಮ್ ಎಂದು ಹೇಳುತ್ತಿರಲಿಲ್ಲ. ಹೊರಗೆ ಬಸ್ಸಿನ ಹಾರ್ನ್ ಕೇಳುತ್ತಿರುವಾಗ ಎಂತ ಮಾಡುವುದು?

ನಾನು ಮಾಡಿದ್ದು ಇಷ್ಟು. ಸ್ಕ್ರಿಪ್ಟಿನ ಮೊದಲ ಸಾಲಿಗೇ 'ಟಾಸ್ಕ್‌ಕಿಲ್' ಎಂಬ ಆಜ್ಞೆ ಸೇರಿಸಿದೆ. ಅದರ ಮುಂದೆ ವರ್ಡಿನ ಹೆಸರು, ಜೊತೆಗೆ 'ಬಲವಂತವಾಗಿ' ಎಂದು ಹೇಳುವ ಎಫ್ ಗುರುತು. ವರ್ಡ್ ಸತ್ತರೆ ಫೈಲು ಬಿಡುಗಡೆಯಾಗುತ್ತದೆ, ಮುಂದಿನ ಸಾಲು ಸಲೀಸಾಗಿ ನಡೆಯುತ್ತದೆ. ಮೂರು ತಿಂಗಳು ಹೀಗೇ ನಡೆಯಿತು. ಒಂದು ದಿನವೂ ತೊಂದರೆ ಆಗಲಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಕಡೆಯ ಒಂದು ದೇವಸ್ಥಾನದಲ್ಲಿ ಬ್ರಹ್ಮಕಲಶವಿತ್ತು. ಸ್ಮರಣ ಸಂಚಿಕೆಯ ಕೆಲಸ ನಮಗೆ ಬಂತು. ಅದಕ್ಕೊಂದು ಲೇಖನ ಕೊಡಲು ಒಬ್ಬರು ಹಿರಿಯ ಮಾಷ್ಟ್ರು ಒಪ್ಪಿದ್ದರು. ಎಂಬತ್ತು ದಾಟಿದವರು. ಊರಿನ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಕೈ ನಡುಗುವುದರಿಂದ ಬರೆಯಲು ಆಗುವುದಿಲ್ಲ. "ನಾನು ಹೇಳುತ್ತೇನೆ, ನೀನು ಟೈಪ್ ಮಾಡು ಮಗಾ" ಎಂದು ಹುಡುಗಿಯ ಪಕ್ಕದಲ್ಲಿ ಕುರ್ಚಿ ಹಾಕಿ ಕೂತರು.

ಅವರು ಹೇಳಿದ್ದು 1956ರ ಮಾತು. ಆ ವರ್ಷ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅದಕ್ಕೆ ಮೊದಲು ಇದು ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗ. ಮಾಷ್ಟ್ರು ಆಗ ಹೈಸ್ಕೂಲಿಗೆ ಹೋಗುವ ಹುಡುಗ. ಗಡಿ ಬಂದ ಮೇಲಿನ ಮೊದಲ ಜಾತ್ರೆಗೆ ಆಚೆಯವರು ಬರುತ್ತಾರೋ ಇಲ್ಲವೋ ಎಂದು ಹಿರಿಯರು ಮಾತಾಡಿಕೊಳ್ಳುತ್ತಿದ್ದರಂತೆ. ಬಂದರು. ಎಂದಿನ ಹಾಗೆ ಬಾಳೆಗೊನೆ, ತೆಂಗಿನಕಾಯಿ, ಅಕ್ಕಿಮುಡಿ ಹೊತ್ತುಕೊಂಡು ಹೊರೆಕಾಣಿಕೆ ತಂದರು. ಹದಿನಾಲ್ಕು ಮನೆಗಳು. ಮಾಷ್ಟ್ರು ಕಣ್ಣು ಮುಚ್ಚಿ ಒಂದೊಂದೇ ಮನೆಯ ಹೆಸರು ಹೇಳಿದರು, ಮನೆಯ ಯಜಮಾನರ ಹೆಸರು, ಯಾರು ಎಂತ ತಂದರು ಎಂಬುದು ಕೂಡ. ಸುಮಾರು ಎರಡು ಗಂಟೆ ಹೇಳಿದರು. ನಾನು ಆಚೆ ಮೇಜಿನಲ್ಲಿ ಕೆಲಸ ಮಾಡುತ್ತಾ ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ.

ಕೊನೆಗೆ ಮಾಷ್ಟ್ರಿಗೆ ರೇಷನ್ ಕಾರ್ಡಿನ ಝೆರಾಕ್ಸ್ ಬೇಕಿತ್ತು. ಹುಡುಗಿ ಎದ್ದು ಮೆಷಿನ್ನಿನ ಹತ್ತಿರ ಹೋದಳು. ಬಸ್ಸಿನ ಹೊತ್ತಾಗಿತ್ತು. ನಾನು ಬಂದು ಅವಳ ಕುರ್ಚಿಯಲ್ಲಿ ಕೂತು ಸ್ಕ್ರಿಪ್ಟಿನ ಮೇಲೆ ಎರಡು ಸಲ ಒತ್ತಿದೆ.

ವರ್ಡಿನಲ್ಲಿ ಎಷ್ಟು ಫೈಲು ತೆರೆದರೂ ಒಳಗೆ ಓಡುವುದು ಸಾಮಾನ್ಯವಾಗಿ ಒಂದೇ ಪ್ರೊಸೆಸ್. ನಾಲ್ಕು ಕಿಟಕಿ ಕಂಡರೂ ಪ್ರಾಣ ಒಂದೇ. ಮದುವೆ ಕಾಗದ ಹಿಡಿದುಕೊಂಡಿದೆ ಎಂದು ವರ್ಡನ್ನು ಕೊಂದರೆ ಪಕ್ಕದ ಕಿಟಕಿಯಲ್ಲಿದ್ದ ಮಾಷ್ಟ್ರ ಲೇಖನವೂ ಅದರೊಟ್ಟಿಗೆ ಹೋಗುತ್ತದೆ. ಬಲವಂತವಾಗಿ ಕೊಂದಾಗ 'ಸೇವ್ ಮಾಡಬೇಕಾ' ಎಂಬ ಪ್ರಶ್ನೆ ಕೂಡ ಬರುವುದಿಲ್ಲ. ಆ ಲೇಖನಕ್ಕೆ ಇನ್ನೂ ಹೆಸರನ್ನೇ ಇಟ್ಟಿರಲಿಲ್ಲ. ವರ್ಡ್ ತಾನಾಗಿ ಹತ್ತು ನಿಮಿಷಕ್ಕೊಮ್ಮೆ ಒಂದು ಪ್ರತಿ ಇಟ್ಟುಕೊಳ್ಳುತ್ತದೆ, ಆದರೆ ಆ ಹಳೆಯ ಕಂಪ್ಯೂಟರಿನಲ್ಲಿ ಪ್ರತಿ ಸಲ ಟೈಪಿಂಗ್ ನಿಂತುಬಿಡುತ್ತದೆ ಎಂದು ಅದನ್ನು ನಾನೇ ಆಫ್ ಮಾಡಿಟ್ಟಿದ್ದೆ.

ಮಾಷ್ಟ್ರು ಕೋಪ ಮಾಡಲಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಬಂದರು, ಮತ್ತೆ ಕೂತು ಹೇಳಿದರು. ಲೇಖನ ಚೆನ್ನಾಗಿಯೇ ಬಂತು. ಆದರೆ ಈ ಸಲ ಹದಿನಾಲ್ಕು ಮನೆಗಳ ಪೈಕಿ ಎಂಟು ಮಾತ್ರ ನೆನಪಿಗೆ ಬಂದವು. "ಆ ದಿನ ಬಾಯಿಗೆ ಬಂದಿತ್ತು, ಈಗ ಬರುವುದಿಲ್ಲ" ಎಂದರು. ಸಂಚಿಕೆಯಲ್ಲಿ ಎಂಟು ಮನೆಗಳ ಹೆಸರು ಅಚ್ಚಾಯಿತು, ಕೊನೆಯಲ್ಲಿ 'ಮೊದಲಾದ ಮನೆಗಳವರು' ಎಂದು ಹಾಕಿದೆವು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಫೈಲು 'ಬಳಕೆಯಲ್ಲಿದೆ' ಅಂದರೆ ಏನು ಅಂತ ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ ಎಂದು ಆಗ ಹೊಳೆಯಿತು. ಅಂದಿನಿಂದ ಸುಮಾರು ಎರಡು ತಿಂಗಳು ಅಂಗಡಿ ಮುಚ್ಚಿದ ಮೇಲೆ ಕೂತು ಓದಿದೆ, ಪರೀಕ್ಷೆ ಮಾಡಿದೆ, ಬೆಂಗಳೂರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿ ತಲೆ ತಿಂದೆ. ನನ್ನ ಹಾಗೆ ಸಣ್ಣ ಅಂಗಡಿ, ಸೊಸೈಟಿ, ಶಾಲೆ ಆಫೀಸುಗಳಲ್ಲಿ ಕೂತು ಇದೇ ಕೆಂಪು ಅಕ್ಷರ ನೋಡುವವರು ತುಂಬ ಜನ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ವಿಂಡೋಸಿನಲ್ಲಿ ಒಂದು ಪ್ರೋಗ್ರಾಮ್ ಫೈಲನ್ನು ತೆರೆಯುವಾಗ ಎರಡು ಸಂಗತಿ ಹೇಳಬೇಕು. ಒಂದು, ತನಗೆ ಎಂತ ಮಾಡಲಿಕ್ಕಿದೆ ಎಂಬುದು: ಓದಲಿಕ್ಕಾ, ಬರೆಯಲಿಕ್ಕಾ. ಇನ್ನೊಂದು, ತಾನು ಹಿಡಿದುಕೊಂಡಿರುವಷ್ಟು ಹೊತ್ತು ಬೇರೆಯವರಿಗೆ ಎಷ್ಟು ಅವಕಾಶ ಎಂಬುದು. ಈ ಎರಡನೆಯದಕ್ಕೆ ಮೂರು ಒಪ್ಪಿಗೆಗಳಿವೆ. ಬೇರೆಯವರು ಓದಬಹುದು, ಬರೆಯಬಹುದು, ಅಳಿಸಬಹುದು. ಹೆಸರು ಬದಲಿಸುವುದು, ಬೇರೆ ಕಡೆಗೆ ಸಾಗಿಸುವುದು ಕೂಡ ಅಳಿಸುವ ಒಪ್ಪಿಗೆಯ ಲೆಕ್ಕಕ್ಕೇ ಬರುತ್ತದೆ. ಮೂರರಲ್ಲಿ ಯಾವುದನ್ನೂ ಕೊಡದಿದ್ದರೆ ಆ ಫೈಲನ್ನು ಬೇರೆ ಯಾರೂ ತೆರೆಯುವ ಹಾಗಿಲ್ಲ. ಒಪ್ಪಿಗೆ ಇಲ್ಲದೆ ಕೈಹಾಕಿದರೆ ವಿಂಡೋಸ್ ಕೊಡುವ ದೋಷದ ಸಂಖ್ಯೆ 32. ಸ್ಕ್ರಿಪ್ಟ್ ಓಡಿಸಲು ವಿಂಡೋಸಿನಲ್ಲಿರುವ ಪವರ್‌ಶೆಲ್ಲಿನಲ್ಲಿ ಇದೇ ದೋಷಕ್ಕೆ ಬರುವ ಉದ್ದದ ಸಂಖ್ಯೆಯನ್ನು ಹದಿನಾರರ ಲೆಕ್ಕಕ್ಕೆ ತಿರುಗಿಸಿದರೆ ಕೊನೆಗೆ 20 ಎಂದು ಕಾಣುತ್ತದೆ. ಅದು ಹದಿನಾರರ ಲೆಕ್ಕದ 20, ನಮ್ಮ ಲೆಕ್ಕದಲ್ಲಿ 32. ದೋಷ ಸಂಖ್ಯೆ 5 ಬಂದರೆ ವಿಷಯ ಬೇರೆ. ಅದು ಅನುಮತಿ ಇಲ್ಲ ಎಂಬುದು, ಸಾಮಾನ್ಯವಾಗಿ ಯಾರದೋ ಕೈಯಲ್ಲಿ ಇರುವುದರಿಂದ ಬರುವುದಲ್ಲ. ನಾನು ಎರಡನ್ನೂ ಒಂದೇ ಎಂದು ತಿಳಿದಿದ್ದೆ.

ತಮ್ಮ ಲಿನಕ್ಸ್ ಬಳಸುವವನು. ಅವನ ಕಂಪ್ಯೂಟರಿನಲ್ಲಿ ತೆರೆದಿರುವ ಫೈಲನ್ನೂ ಅಳಿಸಬಹುದು, ಸಾಗಿಸಬಹುದು. ಅಲ್ಲಿ ಅಳಿಸಿದರೆ ಹೋಗುವುದು ಹೆಸರು ಮಾತ್ರ. ಹಿಡಿದುಕೊಂಡ ಕೊನೆಯ ಪ್ರೋಗ್ರಾಮ್ ಬಿಡುವವರೆಗೆ ಒಳಗಿನ ಸಂಗತಿ ಡಿಸ್ಕಿನಲ್ಲಿ ಇದ್ದೇ ಇರುತ್ತದೆ. "ನಿಮ್ಮಲ್ಲಿ ಯಾಕೆ ಇಷ್ಟು ಬಿಗಿ?" ಎಂದು ಅವನು ಕೇಳಿದ. ನನಗೆ ಈಗ ಆ ಬಿಗಿ ಇಷ್ಟವೇ. ಹುಡುಗಿ ತಿದ್ದುತ್ತಿರುವ ಕಾಗದವನ್ನು ನಾನು ಗೊತ್ತಿಲ್ಲದೆ ಪ್ರೆಸ್ಸಿಗೆ ಸಾಗಿಸುವುದನ್ನು ಅದು ಎಷ್ಟೋ ಸಲ ತಡೆದಿರಬೇಕು.

ಸರಿ, ಹಿಡಿದುಕೊಂಡವರು ಯಾರು ಎಂದು ತಿಳಿಯುವುದು ಹೇಗೆ? ಸ್ಕ್ರಿಪ್ಟ್ ಇಲ್ಲದೆ ನೋಡುವುದಾದರೆ ವಿಂಡೋಸಿನಲ್ಲೇ ಇರುವ 'ರಿಸೋರ್ಸ್ ಮಾನಿಟರ್' ಸಾಕು. ಅದರಲ್ಲಿ ಸಿಪಿಯು ಎಂಬ ಪುಟಕ್ಕೆ ಹೋಗಿ, 'ಅಸೋಸಿಯೇಟೆಡ್ ಹ್ಯಾಂಡಲ್ಸ್' ಎಂಬಲ್ಲಿ ಫೈಲಿನ ಹೆಸರಿನ ಒಂದು ತುಂಡು ಹಾಕಿದರೆ ಹಿಡಿದವರ ಪಟ್ಟಿ ಬರುತ್ತದೆ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪವರ್‌ಟಾಯ್ಸ್ ಎಂಬ ಸಾಧನಗಳ ಕಟ್ಟು ಹಾಕಿಕೊಂಡವರಿಗೆ 'ಫೈಲ್ ಲಾಕ್‌ಸ್ಮಿತ್' ಇದೆ, ಫೈಲಿನ ಮೇಲೆ ಬಲಗುಂಡಿ ಒತ್ತಿದರೆ ಆಯಿತು. ಅದು 2022ರಲ್ಲಿ ಸೇರಿದ್ದು. ಇದಕ್ಕೂ ಹಳೆಯದು ಮಾರ್ಕ್ ರುಸಿನೋವಿಚ್ ಮಾಡಿದ 'ಹ್ಯಾಂಡಲ್' ಎಂಬ ಪುಟ್ಟ ಸಾಧನ. ಅವರೂ ಬ್ರೈಸ್ ಕಾಗ್ಸ್‌ವೆಲ್ಲೂ ಸೇರಿ 1996ರಲ್ಲಿ ಶುರು ಮಾಡಿದ ಸಿಸ್‌ಇಂಟರ್ನಲ್ಸ್‌ನ ಸಾಧನಗಳು ಇವತ್ತಿಗೂ ಉಚಿತ. 2006ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು.

ಈ 'ಹ್ಯಾಂಡಲ್' ಸಾಧನದಲ್ಲಿ ಒಂದು ದೊಡ್ಡ ಆಸೆ ಹುಟ್ಟಿಸುವ ಸೌಲಭ್ಯ ಇದೆ. ಪ್ರೋಗ್ರಾಮನ್ನು ಕೊಲ್ಲದೆ, ಅದು ಹಿಡಿದುಕೊಂಡ ಆ ಒಂದು ಫೈಲನ್ನು ಮಾತ್ರ ಹೊರಗಿನಿಂದ ಬಿಡಿಸಬಹುದು. ಸಿ ಎಂಬ ಗುರುತು, ಹ್ಯಾಂಡಲಿನ ಸಂಖ್ಯೆ, ಪ್ರೊಸೆಸ್ಸಿನ ಸಂಖ್ಯೆ, ಅಷ್ಟು ಕೊಟ್ಟರೆ ಸಾಕು. 'ಫೈಲ್ ಅನ್‌ಲಾಕ್ ಮಾಡುವ ಸ್ಕ್ರಿಪ್ಟ್' ಎಂದು ಸಿಗುವ ಹಲವು ಸ್ಕ್ರಿಪ್ಟುಗಳು ಮಾಡುವುದು ಇದನ್ನೇ: ಪಟ್ಟಿ ತೆಗೆಯುವುದು, ಸಿಕ್ಕಿದ್ದನ್ನೆಲ್ಲ ಒಂದೊಂದಾಗಿ ಮುಚ್ಚುವುದು. ನನಗೂ ಮೊದಲು ಇದೇ ಸರಿ ಎಂದು ಕಂಡಿತು. ವರ್ಡ್ ಸಾಯುವುದಿಲ್ಲ, ಬೇರೆ ಕಿಟಕಿಗಳಿಗೆ ಏನೂ ಆಗುವುದಿಲ್ಲ, ಫೈಲು ಬಿಡುಗಡೆ. ಇನ್ನೇನು ಬೇಕು?

ಇದರ ಅಪಾಯ ನನಗೆ ಅರ್ಥವಾದದ್ದು ದೇವಸ್ಥಾನದ ಚಪ್ಪಲಿ ಟೋಕನ್ ನೆನಪಿಗೆ ಬಂದಾಗ. ಜಾತ್ರೆಯ ದಿನ ಚಪ್ಪಲಿ ಕೊಟ್ಟರೆ ನಿಮಗೊಂದು ಟೋಕನ್ ಕೊಡುತ್ತಾರೆ, ಅಲ್ವಾ? 24 ಎಂದುಕೊಳ್ಳಿ. ಪ್ರೋಗ್ರಾಮಿನ ಕೈಯಲ್ಲಿರುವ ಹ್ಯಾಂಡಲ್ ಕೂಡ ಇಂಥದ್ದೇ ಒಂದು ಸಂಖ್ಯೆ. ವಿಂಡೋಸಿನಲ್ಲಿ ಇವು ನಾಲ್ಕರ ಮಗ್ಗಿಯಲ್ಲಿ ಬರುತ್ತವೆ, 4, 8, 12 ಹೀಗೆ. ಈಗ ನೀವು ಒಳಗೆ ದರ್ಶನಕ್ಕೆ ನಿಂತಿರುವಾಗ ಯಾರೋ ಬಂದು 24ನೇ ಗೂಡಿನ ಚಪ್ಪಲಿ ತೆಗೆದು ಗೂಡು ಖಾಲಿ ಮಾಡಿದರು. ನಿಮಗೆ ಗೊತ್ತಿಲ್ಲ, ಟೋಕನ್ ನಿಮ್ಮ ಕೈಯಲ್ಲೇ ಇದೆ. ಸ್ವಲ್ಪ ಹೊತ್ತಿನಲ್ಲಿ ನಿಮ್ಮದೇ ಮನೆಯ ಇನ್ನೊಬ್ಬರು ಬರುತ್ತಾರೆ, ಖಾಲಿ ಇದೆಯೆಂದು ಅವರ ಚಪ್ಪಲಿಯನ್ನು ಅದೇ ಗೂಡಿನಲ್ಲಿ ಇಡುತ್ತಾರೆ. ನೀವು ಹೊರಗೆ ಬಂದು 24 ಕೊಟ್ಟರೆ ಸಿಗುವುದು ಅವರ ಚಪ್ಪಲಿ.

ಫೈಲಿನಲ್ಲಿ ಹೀಗಾದರೆ ಸಿಗುವುದಲ್ಲ, ಬರೆಯುವುದು. ಪ್ರೋಗ್ರಾಮ್ ತನ್ನ 24 ಇನ್ನೂ ಮದುವೆ ಕಾಗದವೇ ಎಂದು ನಂಬಿರುತ್ತದೆ. ಅಷ್ಟರಲ್ಲಿ ಅದೇ ಪ್ರೋಗ್ರಾಮ್ ಬೇರೊಂದು ಫೈಲು ತೆರೆದಾಗ ಖಾಲಿಯಾದ 24 ಅದಕ್ಕೆ ಸಿಕ್ಕಿರಬಹುದು. ಆಮೇಲೆ ಮದುವೆ ಕಾಗದಕ್ಕೆಂದು ಬರೆದದ್ದು ಆ ಬೇರೆ ಫೈಲಿನ ಒಳಗೆ ಹೋಗಿ ಬೀಳುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ತಿಂಗಳು ಕಳೆದು ತೆರೆದಾಗ ಫೈಲು ಹಾಳಾಗಿದೆ ಎಂದು ಗೊತ್ತಾಗುತ್ತದೆ. ಹೀಗೆ ಮುಚ್ಚಿದರೆ ಪ್ರೋಗ್ರಾಮೂ ಕಂಪ್ಯೂಟರೂ ಅಸ್ಥಿರವಾಗಬಹುದು ಎಂದು 'ಹ್ಯಾಂಡಲ್' ಮಾಡಿದವರೇ ಸಾಧನದ ವಿವರಣೆಯಲ್ಲಿ ಎಚ್ಚರಿಸಿದ್ದಾರೆ. ಇಷ್ಟು ತಿಳಿದ ಮೇಲೆ ನಾನು ಆ ದಾರಿ ಬಿಟ್ಟೆ. ನನ್ನ ಸ್ಕ್ರಿಪ್ಟಿನಲ್ಲಿ ಆ ಗುರುತು ಇಲ್ಲ, ಇನ್ನು ಮುಂದೆಯೂ ಬರುವುದಿಲ್ಲ.

ನಾನು ಹಿಡಿದ ದಾರಿ 'ರೀಸ್ಟಾರ್ಟ್ ಮ್ಯಾನೇಜರ್'. ಫೈಲನ್ನು ಹಿಡಿದವರು ಯಾರು ಎಂದು ಹೇಳುವ, ವಿಸ್ಟಾ ಎಂಬ ಆವೃತ್ತಿಯ ಕಾಲದಿಂದ ವಿಂಡೋಸಿನ ಒಳಗೇ ಇರುವ ವ್ಯವಸ್ಥೆ ಇದು. ಹೊಸ ಸಾಫ್ಟ್‌ವೇರ್ ಹಾಕುವಾಗ 'ಈ ಪ್ರೋಗ್ರಾಮುಗಳನ್ನು ಮುಚ್ಚಿ' ಎಂದು ಪಟ್ಟಿ ತೋರಿಸುವುದನ್ನು ನೋಡಿರುತ್ತೀರಿ. ಆ ಪಟ್ಟಿ ಬರುವುದು ಹೆಚ್ಚಾಗಿ ಇದರ ಸಹಾಯದಿಂದ. ಪವರ್‌ಶೆಲ್ಲಿನಿಂದ ಇದನ್ನು ನೇರವಾಗಿ ಕರೆಯಲು ಆಗುವುದಿಲ್ಲ. ಸಿ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ತುಂಡನ್ನು ಸ್ಕ್ರಿಪ್ಟಿನೊಳಗೆ ಹಾಕಿ 'ಆ್ಯಡ್-ಟೈಪ್' ಮೂಲಕ ಸೇರಿಸಿಕೊಳ್ಳಬೇಕು. ಈ ತುಂಡು ಸರಿಯಾಗಿ ಬರೆಯಲು ತಮ್ಮ ಫೋನಿನಲ್ಲೇ ಕೂತು ಸಹಾಯ ಮಾಡಿದ.

ಕ್ರಮ ಹೀಗಿದೆ. ಮೊದಲು ಒಂದು ಸೆಷನ್ ಶುರು ಮಾಡಬೇಕು. ಆಮೇಲೆ ಫೈಲಿನ ಪೂರ್ತಿ ದಾರಿ ಕೊಟ್ಟು ನೋಂದಾಯಿಸಬೇಕು. ಆಮೇಲೆ ಪಟ್ಟಿ ಕೇಳಬೇಕು. ಪಟ್ಟಿಯನ್ನು ಎರಡು ಸಲ ಕೇಳುವುದು ರೂಢಿ: ಮೊದಲ ಸಲ ಖಾಲಿ ಕೈಯಲ್ಲಿ ಕೇಳಿದರೆ 234 ಎಂಬ ಉತ್ತರ ಬರುತ್ತದೆ, ಅಂದರೆ 'ಇನ್ನೂ ಇದೆ, ಇಷ್ಟು ಜಾಗ ಮಾಡಿಕೊಂಡು ಬಾ' ಎಂದು. ಅಷ್ಟು ಜಾಗ ಮಾಡಿ ಎರಡನೇ ಸಲ ಕೇಳಿದರೆ ಹೆಸರುಗಳು ಸಿಗುತ್ತವೆ. ಕೊನೆಗೆ ಸೆಷನ್ ಮುಗಿಸಲೇಬೇಕು. ಒಬ್ಬ ಬಳಕೆದಾರನಿಗೆ ಒಂದೇ ಸಲಕ್ಕೆ 64 ಸೆಷನ್ ಮಾತ್ರ. ನಾನು ಮುಗಿಸಲು ಮರೆತು ನೂರು ಫೈಲಿಗೆ ಓಡಿಸಿದಾಗ ಅರ್ಧದಿಂದ ಮುಂದೆ ಎಲ್ಲ ದೋಷ ಬಂತು. ಕಾರಣ ಹುಡುಕಲು ಒಂದು ಆದಿತ್ಯವಾರ ಪೂರ್ತಿ ಹೋಯಿತು.

ಉತ್ತರದಲ್ಲಿ ಪ್ರೊಸೆಸ್ಸಿನ ಸಂಖ್ಯೆಯೊಟ್ಟಿಗೆ ಅದು ಶುರುವಾದ ಹೊತ್ತೂ ಬರುತ್ತದೆ. ಇದು ಸುಮ್ನೆ ಕೊಟ್ಟದ್ದಲ್ಲ. ಪ್ರೊಸೆಸ್ಸಿನ ಸಂಖ್ಯೆಗಳೂ ಚಪ್ಪಲಿ ಟೋಕನಿನ ಹಾಗೆ ಮರುಬಳಕೆಯಾಗುತ್ತವೆ. ಸಂಖ್ಯೆ ಮಾತ್ರ ನಂಬಿದರೆ ನೀವು ನೋಡಿದ ಪ್ರೊಸೆಸ್ ಹೋಗಿ ಬೇರೆ ಯಾವುದೋ ಅದೇ ಸಂಖ್ಯೆಯಲ್ಲಿ ಬಂದಿರಬಹುದು. ಎರಡನ್ನೂ ಹೋಲಿಸಿ ನೋಡಿದರೆ ಮೋಸ ಇಲ್ಲ. ಅದು ಯಾವ ಜಾತಿಯ ಪ್ರೊಸೆಸ್ ಎಂಬುದೂ ಬರುತ್ತದೆ: ಕಿಟಕಿ ಇರುವ ಪ್ರೋಗ್ರಾಮಾ, ಸರ್ವೀಸಾ, ಎಕ್ಸ್‌ಪ್ಲೋರರಾ, ಮುಟ್ಟಲೇಬಾರದ್ದಾ ಎಂದು.

ಈ ಪಟ್ಟಿಯನ್ನು ಒಂದು ತಿಂಗಳು ಬರೆದಿಟ್ಟು ನೋಡಿದೆ. ನಾನು ಯಾವಾಗಲೂ ವರ್ಡನ್ನೇ ದೂರುತ್ತಿದ್ದೆ. ಆದರೆ ಎಷ್ಟೋ ಸಲ ಹಿಡಿದುಕೊಂಡದ್ದು ಬೇರೆಯವರು. ಫೈಲು ಉಳಿಸಿದ ಕೂಡಲೇ ಆ್ಯಂಟಿವೈರಸ್ ಬಂದು ಓದುತ್ತದೆ. ಹುಡುಕಾಟದ ಪಟ್ಟಿ ಮಾಡುವ ಇಂಡೆಕ್ಸರ್ ಬಂದು ಓದುತ್ತದೆ. ಎಕ್ಸ್‌ಪ್ಲೋರರಿನಲ್ಲಿ ಬಲಗಡೆ ಪ್ರಿವ್ಯೂ ಪೇನ್ ತೆರೆದಿದ್ದರೆ, ನೀವು ಸುಮ್ನೆ ಒಮ್ಮೆ ಒತ್ತಿ ನೋಡಿದ ಫೈಲನ್ನೂ ಅದು ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ಪಿಡಿಎಫ್‌ಗಳಿಗೆ ಇದೇ ತೊಂದರೆ ಜಾಸ್ತಿ ಇತ್ತು. ಆಲ್ಟ್ ಮತ್ತು ಪಿ ಒಟ್ಟಿಗೆ ಒತ್ತಿ ಆ ಪೇನನ್ನು ಮುಚ್ಚಿದ ಮೇಲೆ ಅವು ನಿಂತವು.

ಆ್ಯಂಟಿವೈರಸ್, ಇಂಡೆಕ್ಸರುಗಳ ಹಿಡಿತ ಸಾಮಾನ್ಯವಾಗಿ ಎರಡು ಮೂರು ಸೆಕೆಂಡಿನದು. ಅದಕ್ಕೆ ಏನನ್ನೂ ಬಿಡಿಸಬೇಕಾಗಿಲ್ಲ, ಸ್ವಲ್ಪ ಕಾದರೆ ಸಾಕು. ಹಾಗಾಗಿ ನನ್ನ ಸ್ಕ್ರಿಪ್ಟ್ ಈಗ ಮಾಡುವ ಮೊದಲ ಕೆಲಸ ಸಾಗಿಸಿ ನೋಡುವುದು. 32 ಬಂದರೆ ಎರಡು ಸೆಕೆಂಡು ನಿಲ್ಲುವುದು, ಮತ್ತೆ ಪ್ರಯತ್ನಿಸುವುದು. ಐದು ಸಲ. ನಮ್ಮ ಅಂಗಡಿಯ ಹೆಚ್ಚಿನ ಗೋಳು ಇಷ್ಟರಲ್ಲೇ ಮುಗಿಯಿತು. ಮೊದಲು ನಾನು 'ಫೈಲನ್ನು ಯಾರಾದರೂ ಹಿಡಿದಿದ್ದಾರಾ' ಎಂದು ಪರೀಕ್ಷೆ ಮಾಡಿ, ಇಲ್ಲದಿದ್ದರೆ ಸಾಗಿಸು ಎಂದು ಬರೆದಿದ್ದೆ. ಅದು ಸರಿಯಲ್ಲ. ಪರೀಕ್ಷೆಗೂ ಸಾಗಿಸುವುದಕ್ಕೂ ನಡುವಿನ ಆ ಚೂರು ಸಮಯದಲ್ಲಿ ಬೇರೆ ಯಾರಾದರೂ ಬಂದು ತೆರೆಯಬಹುದು. ನೇರವಾಗಿ ಕೆಲಸಕ್ಕೆ ಕೈಹಾಕಿ, ಆಗದಿದ್ದರೆ ಆಗಲಿಲ್ಲ ಎಂಬುದನ್ನು ಸರಿಯಾಗಿ ಹಿಡಿಯುವುದೇ ಒಳ್ಳೆಯದು.

ಐದು ಸಲ ಆದ ಮೇಲೂ ಬಿಡದಿದ್ದರೆ ಮಾತ್ರ ರೀಸ್ಟಾರ್ಟ್ ಮ್ಯಾನೇಜರನ್ನು ಕೇಳುತ್ತದೆ. ಉತ್ತರ ವರ್ಡ್ ಎಂದು ಬಂದರೆ, ಓಡುತ್ತಿರುವ ವರ್ಡಿನ ಜೊತೆಗೇ ಮಾತಾಡುತ್ತದೆ. ವರ್ಡ್, ಎಕ್ಸೆಲ್‌ಗಳನ್ನು ಸ್ಕ್ರಿಪ್ಟಿನಿಂದ ನಡೆಸಲು ದಾರಿ ಇದೆ. ತೆರೆದಿರುವ ಫೈಲುಗಳ ಸಾಲಿನಲ್ಲಿ ನಮಗೆ ಬೇಕಾದ ಒಂದನ್ನು ಪೂರ್ತಿ ದಾರಿಯಿಂದ ಹುಡುಕಿ, ಅದನ್ನು ಮಾತ್ರ ಉಳಿಸಿ, ಅದನ್ನು ಮಾತ್ರ ಮುಚ್ಚಬಹುದು. ಪಕ್ಕದ ಕಿಟಕಿಗಳು ಅಲುಗುವುದಿಲ್ಲ. ಮಾಷ್ಟ್ರ ದಿನ ನನಗೆ ಇದು ಗೊತ್ತಿದ್ದರೆ!

ಇದಕ್ಕೆ ಎರಡು ಷರತ್ತು. ಒಂದು, ಓಡುತ್ತಿರುವ ವರ್ಡನ್ನು ಹಿಡಿಯುವ ಆ ಸುಲಭದ ಆಜ್ಞೆ ವಿಂಡೋಸಿನೊಟ್ಟಿಗೆ ಬರುವ ಪವರ್‌ಶೆಲ್ 5.1ರಲ್ಲಿ ಇದೆ, ಹೊಸ 7ರಲ್ಲಿ ಇಲ್ಲ. ಎರಡು, ಸ್ಕ್ರಿಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದರೆ ಸಾಧಾರಣವಾಗಿ ತೆರೆದ ವರ್ಡ್ ಅದಕ್ಕೆ ಕಾಣುವುದೇ ಇಲ್ಲ. ಜಾಸ್ತಿ ಅಧಿಕಾರ ಕೊಟ್ಟರೆ ಜಾಸ್ತಿ ಕೆಲಸ ಆಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಇಲ್ಲಿ ತಿರುಗಾಮುರುಗಾ.

ಉಳಿಸುವ ಮೊದಲು ಪರದೆಯ ಮೇಲೆ ಒಂದು ಸಣ್ಣ ಕಿಟಕಿ ತೆರೆದು ಕೇಳುವಂತೆ ಮಾಡಿದ್ದೇನೆ: 'ಈ ಫೈಲು ವರ್ಡಿನಲ್ಲಿ ತೆರೆದಿದೆ. ಉಳಿಸಿ ಮುಚ್ಚಬಹುದಾ?' ಕೂತವರು ಹೌದು ಎಂದರೆ ಮಾತ್ರ ಮುಂದೆ. ಅಲ್ಲ ಎಂದರೆ ಆ ಫೈಲನ್ನು ಬಿಟ್ಟು ಉಳಿದವನ್ನು ಸಾಗಿಸುತ್ತದೆ. ಬಿಟ್ಟುಹೋದದ್ದರ ಹೆಸರನ್ನು ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ.

ಈ ಸಣ್ಣ ಕಿಟಕಿ ಮಾಡಲು ಇನ್ನೊಂದು ಕಾರಣವೂ ಇದೆ. ಕನ್ನಡ. ನಮ್ಮ ಫೈಲುಗಳ ಹೆಸರೆಲ್ಲ ಕನ್ನಡ, ಅಥವಾ ಮಲಯಾಳ. ಹಳೆಯ ಕಪ್ಪು ಪರದೆಯಲ್ಲಿ ಅವು ಚೌಕ ಚೌಕವಾಗಿ ಕಾಣುತ್ತಿದ್ದವು, ಯಾವ ಫೈಲು ಎಂದೇ ಗೊತ್ತಾಗುತ್ತಿರಲಿಲ್ಲ. ಸಂದೇಶದ ಕಿಟಕಿಯಲ್ಲಿ ಕನ್ನಡ ಚಂದವಾಗಿ ಬರುತ್ತದೆ. ಸ್ಕ್ರಿಪ್ಟಿನ ಒಳಗೇ 'ಪ್ರೆಸ್ಸಿಗೆ' ಎಂದು ಕನ್ನಡದಲ್ಲಿ ಬರೆದಿದ್ದರೆ ಇನ್ನೊಂದು ಜಾಗ್ರತೆ ಬೇಕು. ಪವರ್‌ಶೆಲ್ 5.1 ಸ್ಕ್ರಿಪ್ಟ್ ಫೈಲನ್ನು ಹಳೆಯ ಕೋಡಿಂಗ್ ಎಂದು ತಿಳಿದು ಓದುತ್ತದೆ, ಕನ್ನಡವೆಲ್ಲ ಕಲಸುಮೇಲೋಗರ ಆಗುತ್ತದೆ. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ 'ಯುಟಿಎಫ್-8 ವಿತ್ ಬಿಓಎಂ' ಎಂದು ಆರಿಸಬೇಕು. ಬರೇ ಯುಟಿಎಫ್-8 ಸಾಲದು. ನಾನು ಇದು ಗೊತ್ತಿಲ್ಲದೆ ಫೋಲ್ಡರುಗಳ ಹೆಸರನ್ನೆಲ್ಲ ಇಂಗ್ಲಿಷಿಗೆ ಬದಲಿಸಲು ಹೊರಟಿದ್ದೆ. ಬದಲಿಸಲಿಲ್ಲ, ಸಂತೋಷ. ಹಾಗೆಯೇ ಹೆಸರಿನಲ್ಲಿ ಚೌಕ ಆವರಣ ಇದ್ದರೆ, ಉದಾಹರಣೆಗೆ 'ಆಮಂತ್ರಣ [ತಿದ್ದಿದ್ದು]' ಎಂದು, ಪವರ್‌ಶೆಲ್ ಅದನ್ನು ಹೆಸರು ಎಂದು ತಿಳಿಯದೆ ಹುಡುಕುವ ಮಾದರಿ ಎಂದು ತಿಳಿಯುತ್ತದೆ. 'ಲಿಟರಲ್‌ಪಾತ್' ಎಂಬ ಗುರುತು ಹಾಕಿದರೆ ಸರಿ.

ಇನ್ನು ಎರಡು ಕಂಪ್ಯೂಟರುಗಳ ವಿಷಯ. ಫೈಲುಗಳೆಲ್ಲ ನನ್ನ ಕಂಪ್ಯೂಟರಿನಲ್ಲಿ ಇವೆ, ಹುಡುಗಿ ನೆಟ್‌ವರ್ಕಿನಿಂದ ತೆರೆಯುತ್ತಾಳೆ. ಅವಳು ತೆರೆದ ಫೈಲನ್ನು ಯಾರು ಹಿಡಿದಿದ್ದಾರೆ ಎಂದು ನನ್ನ ಕಂಪ್ಯೂಟರಿನಲ್ಲಿ 'ಹ್ಯಾಂಡಲ್' ಸಾಧನದಿಂದ ಹುಡುಕಿದರೆ 'ಸಿಸ್ಟಮ್' ಎಂದು ಬರುತ್ತದೆ. ಪ್ರೊಸೆಸ್ ಸಂಖ್ಯೆ 4. ಅದು ವಿಂಡೋಸಿನ ಹೊಟ್ಟೆಯೇ. ದಯವಿಟ್ಟು ಅದನ್ನು ಮುಟ್ಟಬೇಡಿ. ಈ ಸಂದರ್ಭಕ್ಕೆ ವಿಂಡೋಸ್ 8ರಿಂದ ಈಚೆಗೆ 'ಗೆಟ್-ಎಸ್‌ಎಂಬಿಓಪನ್‌ಫೈಲ್' ಎಂಬ ಆಜ್ಞೆ ಇದೆ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಬೇಕು. ಯಾವ ಕಂಪ್ಯೂಟರು, ಯಾವ ಬಳಕೆದಾರ, ಯಾವ ಫೈಲು ಎಂದು ಪೂರ್ತಿ ಹೇಳುತ್ತದೆ. 'ಗೆಟ್' ಜಾಗದಲ್ಲಿ 'ಕ್ಲೋಸ್' ಹಾಕಿದರೆ ಇಲ್ಲಿಂದಲೇ ಮುಚ್ಚಲೂಬಹುದು. ಆದರೆ ಆಚೆ ಬದಿಯಲ್ಲಿ ಉಳಿಸದೆ ಇದ್ದದ್ದು ಹೋಗುವ ಅಪಾಯ ಇದೆ. ನಾನು ನೋಡುವುದಕ್ಕೆ ಮಾತ್ರ ಬಳಸುತ್ತೇನೆ. ನೋಡಿ, ಹುಡುಗಿಯನ್ನು ಕರೆದು ಹೇಳುತ್ತೇನೆ. ಅವಳ ಮೇಜು ಇರುವುದು ಎರಡು ಮಾರು ದೂರದಲ್ಲಿ.

ಮಳೆಗಾಲದಲ್ಲಿ ಕರೆಂಟು ಹೋಗುವ ಊರಿನವರಿಗೆ ಒಂದು ಮಾತು. ವರ್ಡ್ ಫೈಲು ತೆರೆದಾಗ ಪಕ್ಕದಲ್ಲೇ ~$ ಎಂದು ಶುರುವಾಗುವ ಅಡಗಿದ ಸಣ್ಣ ಫೈಲನ್ನು ಮಾಡಿಕೊಳ್ಳುತ್ತದೆ. ತೆರೆದವರ ಹೆಸರು ಅದರಲ್ಲಿ ಇರುತ್ತದೆ. ಮುಚ್ಚಿದಾಗ ಅದು ತಾನಾಗಿ ಹೋಗುತ್ತದೆ. ಕರೆಂಟು ಹೋಗಿ ಕಂಪ್ಯೂಟರು ಒಮ್ಮೆಲೇ ನಿಂತರೆ ನಿಜವಾದ ಬೀಗ ಹೋಗುತ್ತದೆ, ಏಕೆಂದರೆ ಅದು ಇದ್ದದ್ದು ಮೆಮೊರಿಯಲ್ಲಿ. ಆದರೆ ಈ ~$ ಫೈಲು ಡಿಸ್ಕಿನಲ್ಲಿ ಉಳಿದುಬಿಡುತ್ತದೆ. ಆಮೇಲೆ ನಿಮ್ಮದೇ ಹೆಸರು ಹೇಳಿ 'ಇವರು ತಿದ್ದುತ್ತಿದ್ದಾರೆ' ಎಂದು ಬಂದರೆ ಗಾಬರಿ ಬೇಡ. ಯಾವ ಕಂಪ್ಯೂಟರಿನಲ್ಲೂ ಆ ಫೈಲು ತೆರೆದಿಲ್ಲ ಎಂದು ಖಾತ್ರಿ ಮಾಡಿಕೊಂಡು ಅದೊಂದನ್ನು ಅಳಿಸಿದರೆ ಆಯಿತು.

ಫೋಲ್ಡರಿಗೆ ರೀಸ್ಟಾರ್ಟ್ ಮ್ಯಾನೇಜರ್ ಉತ್ತರ ಕೊಡುವುದಿಲ್ಲ, ಫೈಲುಗಳಿಗೆ ಮಾತ್ರ. ಫೋಲ್ಡರಿನ ಹೆಸರು ಬದಲಾಗುತ್ತಿಲ್ಲ, ಪೆನ್‌ಡ್ರೈವ್ ತೆಗೆಯಲು ಬಿಡುತ್ತಿಲ್ಲ ಎಂದಾದರೆ ಮೊದಲು ನೋಡಬೇಕಾದ್ದು ಕಮಾಂಡ್ ಪ್ರಾಂಪ್ಟ್ ಎಲ್ಲಿಯಾದರೂ ಆ ಫೋಲ್ಡರಿನ ಒಳಗೆ ನಿಂತಿದೆಯಾ ಎಂದು. ಒಳಗೆ ನಿಂತಿದ್ದರೆ ಸಾಕು, ಯಾವ ಫೈಲು ತೆರೆಯದಿದ್ದರೂ ಫೋಲ್ಡರು ಅದರ ಕೈಯಲ್ಲಿ. ನನ್ನ ಹಳೆಯ ಸ್ಕ್ರಿಪ್ಟೇ ಪೆನ್‌ಡ್ರೈವಿನ ಒಳಗೆ ಹೋಗಿ ನಿಲ್ಲುತ್ತಿತ್ತು. ಕೊನೆಯ ಸಾಲಿನಲ್ಲಿ ಹೊರಗೆ ಬರುವಂತೆ ಮಾಡಿದೆ.

ಮಾಷ್ಟ್ರ ಲೇಖನದ ಫೈಲು ಈಗಲೂ ನನ್ನ ಕಂಪ್ಯೂಟರಿನಲ್ಲಿದೆ. ಸಂಚಿಕೆ ಬಂದ ಮೇಲೆ ಅದನ್ನು ಓದಿದ ಕೆಲವರು, ನಮ್ಮ ಮನೆಯೂ ಅದರಲ್ಲಿ ಇತ್ತು ಎಂದು ಅಜ್ಜ ಹೇಳುತ್ತಿದ್ದರು ಅಂತ ಅಂಗಡಿಗೆ ಬಂದು ಹೇಳಿದರು. ಮಾಷ್ಟ್ರಿಗೆ ಫೋನ್ ಮಾಡಿ ಕೇಳಿದರೆ "ಹೌದು ಹೌದು, ಅವರು ಎರಡು ಗೊನೆ ಕದಳಿ ತಂದದ್ದು" ಎಂದು ಕೂಡಲೇ ನೆನಪಾಗುತ್ತದೆ. ಹಾಗೆ ಮೂರು ಮನೆ ಸೇರಿದವು. ಎಂಟಿದ್ದದ್ದು ಹನ್ನೊಂದಾಯಿತು. ಕಳೆದ ವಾರ ಅಡ್ಯನಡ್ಕದ ಕಡೆಯಿಂದ ಒಬ್ಬರು ಅಮ್ಮ ಮೊಮ್ಮಗನ ಪಾಸ್‌ಪೋರ್ಟ್ ಫೋಟೋ ತೆಗೆಸಲು ಬಂದವರು, ಗೋಡೆಯ ಮೇಲಿದ್ದ ಸಂಚಿಕೆಯ ಮುಖಪುಟ ನೋಡಿ ಮಾತು ತೆಗೆದರು. ಅವರದ್ದು ಹನ್ನೆರಡನೆಯ ಮನೆ.

ಅವರು ಹೋದ ಮೇಲೆ ಹೆಸರು ಸೇರಿಸಲು ಫೈಲು ತೆರೆಯಹೊರಟೆ. ಆಚೆ ಕಂಪ್ಯೂಟರಿನಲ್ಲಿ ತೆರೆದಿದೆ ಎಂದು ಬಂತು. ತಿರುಗಿ ನೋಡಿದರೆ ಹುಡುಗಿ ಆಗಲೇ ಆ ಅಮ್ಮ ಹೇಳಿದ್ದನ್ನು ಸೇರಿಸುತ್ತಿದ್ದಳು, ಮನೆಯ ಹೆಸರು, ಯಜಮಾನರ ಹೆಸರು, ಒಂದು ಮುಡಿ ಅಕ್ಕಿ.

"ಎರಡು ನಿಮಿಷ ಅಕ್ಕಾ" ಎಂದಳು.

ನಾನು ಕಾದೆ.